ಸಹೋದರಿಯ ತಟ್ಟೆಯ ಮೇಲೆ ಕಣ್ಣು

ಹೃದಯದ ರೋಗಗಳಲ್ಲಿ ಅಸೂಯೆಯು ಅತ್ಯಂತ ಅಪಾಯಕಾರಿಯಾದುದು. ಅದು ಒಂಟಿಯಾಗಿ ಬರುವುದಿಲ್ಲ, ವಂಚನೆಯನ್ನೂ ಜೊತೆಗೆ ಕರೆತರುತ್ತದೆ. ತಂದೆಯ ಪ್ರೀತಿಗಾಗಿ ಯೂಸುಫ್(ಅ)ರ ಮೇಲೆ ಅಸೂಯೆಪಟ್ಟ ಸಹೋದರರು ಅವರನ್ನು ಬಾವಿಗೆ ಹಾಕಿ ಸುಮ್ಮನಾಗಲಿಲ್ಲ. ಅಂಗಿಗೆ ಸುಳ್ಳು ರಕ್ತವನ್ನು ಹಚ್ಚಿ, ಅಳುತ್ತಾ ತಂದೆಯ ಬಳಿಗೆ ಬಂದರು.

ಇತರರಲ್ಲಿರುವ ಒಳಿತನ್ನು ಕಂಡು ತನಗೂ ಅದು ದೊರೆಯಲಿ ಎಂದು ಬಯಸುವುದು ತಪ್ಪಲ್ಲ. ಅವರಿಂದ ಅದು ಕಳೆದುಹೋಗಲಿ ಎಂದು ಬಯಸುವುದೇ ಹಸದ್, ಅಂದರೆ ಅಸೂಯೆ. ಅಲ್ಲಾಹನು ಒಬ್ಬರಿಗೆ ಇನ್ನೊಬ್ಬರಿಗಿಂತ ಹೆಚ್ಚಾಗಿ ಕೊಟ್ಟಿರುವುದನ್ನು ಆಶಿಸಬೇಡಿ, ಅವನ ಅನುಗ್ರಹವನ್ನು ಅವನಲ್ಲೇ ಬೇಡಿರಿ ಎಂದು ಪವಿತ್ರ ಕುರ್‌ಆನ್ (ಅನ್ನಿಸಾ: 32) ಕಲಿಸುತ್ತದೆ.

ಈ ವಿಷಯದಲ್ಲಿ ಪ್ರವಾದಿ(ಸ)ರು ಸ್ತ್ರೀಯರಿಗೆ ವಿಶೇಷವಾಗಿ ಎರಡು ಎಚ್ಚರಿಕೆಗಳನ್ನು ನೀಡಿರುವರು. ಸಹೋದರಿಯ ತಟ್ಟೆಯನ್ನು ಬರಿದು ಮಾಡಲಿಕ್ಕಾಗಿ ಅವಳ ತಲಾಕನ್ನು ಕೇಳಬಾರದು, ಪ್ರತಿಯೊಬ್ಬಳಿಗೂ ಅವಳಿಗೆ ವಿಧಿಸಲ್ಪಟ್ಟುದೇ ದೊರೆಯುವುದು ಎಂಬುದು ಮೊದಲನೆಯದು. ಎರಡನೆಯದು ಅಸ್ಮಾ ಬಿಂತ್ ಅಬೂಬಕರ್(ರ) ವರದಿ ಮಾಡಿದ್ದು. ಪತಿಯು ಕೊಡದಿದ್ದುದನ್ನು ಕೊಟ್ಟನೆಂದು ಸವತಿಯ ಮುಂದೆ ತೋರಿಸಿಕೊಳ್ಳಬಹುದೇ ಎಂದು ಓರ್ವ ಮಹಿಳೆ ವಿಚಾರಿಸಿದಾಗ, ಇಲ್ಲದ್ದನ್ನು ಇದೆಯೆಂದು ತೋರಿಸುವವರು ಸುಳ್ಳಿನ ಎರಡು ಉಡುಪುಗಳನ್ನು ಧರಿಸಿದವರಂತೆ ಎಂದು ಪ್ರವಾದಿ(ಸ)ರು ಉತ್ತರಿಸಿದರು. ಈ ಎರಡೂ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿವೆ. ಸಾಲ ತಂದ ಒಡವೆಯನ್ನು ಮದುವೆಮನೆಯಲ್ಲಿ ಪತಿಯ ಕೊಡುಗೆಯೆಂದು ಮೆರೆಸುವವರು ಇದನ್ನು ಆಲೋಚಿಸಬೇಕು.

ಅಸೂಯೆಯ ಪರೀಕ್ಷೆಯು ಪ್ರವಾದಿ(ಸ)ರ ಮನೆಯ ಬಾಗಿಲಿಗೂ ಬಂದಿತ್ತು. ಬನೂ ಮುಸ್ತಲಿಕ್ ಯುದ್ಧಯಾತ್ರೆಯಿಂದ ಮರಳುವಾಗ ಹಝ್ರತ್ ಆಯಿಶಾ(ರ) ತಮ್ಮ ಕಳೆದುಹೋದ ಹಾರವನ್ನು ಹುಡುಕುತ್ತಾ ಹಿಂದುಳಿದರು. ಹಿಂದಿನಿಂದ ಬಂದ ಸಫ್ವಾನ್(ರ) ಅವರನ್ನು ಒಂಟೆಯ ಮೇಲೆ ಕೂರಿಸಿ, ತಾವು ಅದರ ಮುಂದೆ ನಡೆದು ದಂಡಿನ ಬಳಿಗೆ ತಲುಪಿಸಿದರು. ಕಪಟಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್ ಇದಕ್ಕೆ ಬಣ್ಣ ಕಟ್ಟಿ ಘೋರ ಅಪವಾದವನ್ನು ಹಬ್ಬಿಸಿದನು. ಸುಮಾರು ಒಂದು ತಿಂಗಳ ಕಾಲ ಮದೀನಾದಲ್ಲಿ ಆ ಮಾತು ಸುತ್ತಾಡಿತು.

ಪ್ರವಾದಿ ಪತ್ನಿಯರಲ್ಲಿ ಸ್ಥಾನಮಾನದಲ್ಲಿ ಆಯಿಶಾ(ರ)ರಿಗೆ ಸರಿಸಾಟಿಯಾಗಿದ್ದವರು ಝೈನಬ್ ಬಿಂತ್ ಜಹ್ಶ್(ರ). ಅವರ ಸಹೋದರಿ ಹಮ್ನಾ ಬಿಂತ್ ಜಹ್ಶ್, ಅಕ್ಕನ ಪರವಾಗಿ ಹೋರಾಡುತ್ತಿರುವೆನೆಂಬ ಭಾವದಿಂದ, ಆ ಅಪವಾದದಲ್ಲಿ ಪಾಲುಗೊಂಡರು. ಆಯಿಶಾ(ರ)ರ ಹೆಸರು ಕೆಟ್ಟರೆ ಅಕ್ಕನ ಸ್ಥಾನ ಏರುವುದೆಂದು ಅವರಿಗೆ ತೋರಿರಬೇಕು.

ಆದರೆ ಅಕ್ಕ ಏನು ಮಾಡಿದರು? ಪ್ರವಾದಿ(ಸ)ರು ಅವರಲ್ಲಿ ಅಭಿಪ್ರಾಯ ಕೇಳಿದಾಗ ಒಂದೇ ಒಂದು ಸಂಶಯದ ಮಾತು ಸಾಕಿತ್ತು. ಮೌನವೂ ಸಾಕಾಗುತ್ತಿತ್ತು! ಝೈನಬ್(ರ)ರಾದರೋ, ತಾನು ಕಿವಿ ಕಣ್ಣುಗಳನ್ನು ಕಾಪಾಡಿಕೊಳ್ಳುತ್ತೇನೆಂದೂ, ಆಯಿಶಾರ ಬಗ್ಗೆ ಒಳಿತನ್ನಲ್ಲದೆ ಬೇರೇನನ್ನೂ ಅರಿತಿಲ್ಲವೆಂದೂ ಅಲ್ಲಾಹನ ಆಣೆಯಿಟ್ಟು ಹೇಳಿದರು. ಇದನ್ನು ನಮಗೆ ತಿಳಿಸಿದವರು ಸ್ವತಃ ಆಯಿಶಾ(ರ). ಆಕೆಯ ಭಯಭಕ್ತಿಯಿಂದಾಗಿ ಅಲ್ಲಾಹನು ಆಕೆಯನ್ನು ರಕ್ಷಿಸಿದನೆಂದೂ, ಹಮ್ನಾ ನಾಶವಾದವರೊಂದಿಗೆ ಸೇರಿದರೆಂದೂ ಅವರು ಹೇಳಿರುವರು. ಬಳಿಕ ಅನ್ನೂರ್ ಅಧ್ಯಾಯದ 11ನೆಯ ಸೂಕ್ತದಿಂದ ಆಯಿಶಾ(ರ)ರ ಪಾವಿತ್ರ್ಯವನ್ನು ಅಲ್ಲಾಹನೇ ಸಾರಿದನು.

ಸಹೋದರಿಯರೇ, ಈ ಘಟನೆಯಲ್ಲಿ ನಮಗೆ ಎಂತಹ ಪಾಠವಿದೆ! ಪೈಪೋಟಿಯ ಭಾವನೆ ಝೈನಬ್(ರ)ರಲ್ಲಿಯೂ ಇತ್ತು. ಮನಸ್ಸಿನಲ್ಲಿ ಅಂತಹ ಭಾವನೆ ಮೂಡುವುದು ಮನುಷ್ಯ ಸಹಜ. ಆದರೆ ಅದು ನಾಲಿಗೆಯವರೆಗೆ ಬರಲು ಅವರು ಬಿಡಲಿಲ್ಲ. ಹಮ್ನಾ ತಡೆಯಲಾರದೆ ಹೋದುದು ಅಲ್ಲಿಯೇ. ನಾದಿನಿಯ ಮನೆ, ನೆರೆಯಾಕೆಯ ಚಿನ್ನ, ಗೆಳತಿಯ ಪತಿ ಗಲ್ಫ್‌ನಿಂದ ತಂದ ಉಡುಗೊರೆ, ಇವು ನಮ್ಮ ಮನಸ್ಸನ್ನು ಕಲಕಿದಾಗ ಅವಳ ಬಗ್ಗೆ ಒಂದು ಚಾಡಿಮಾತು ತುಟಿಗೆ ಬರುತ್ತದೆ. ಆ ಕ್ಷಣದಲ್ಲೇ ನಾವು ಝೈನಬ್‌ರ ದಾರಿಯನ್ನೋ ಹಮ್ನಾರ ದಾರಿಯನ್ನೋ ಆರಿಸಿಕೊಳ್ಳುತ್ತೇವೆ. ಅವಳ ಒಳಿತನ್ನು ನಾಲ್ವರ ಮುಂದೆ ಹೇಳಿರಿ, ಅವಳಿಗಾಗಿ ದುಆ ಮಾಡಿರಿ. ಮನಸ್ಸಿಗೆ ಮೊದಲು ಕಹಿಯಾದರೂ ಅದುವೇ ಮದ್ದು.

ಝೈನಬ್(ರ) ತಮ್ಮ ಕೈಯಾರೆ ದುಡಿದು, ಗಳಿಸಿದ್ದನ್ನು ಬಡವರಿಗೆ ದಾನ ಮಾಡುತ್ತಿದ್ದರು. ಕೊಡುವುದರಲ್ಲಿ ತೊಡಗಿದ ಕೈಗೆ ಇನ್ನೊಬ್ಬರ ತಟ್ಟೆಯತ್ತ ಚಾಚಲು ಬಿಡುವೆಲ್ಲಿ? ಅಲ್ಲಾಹನು ನಮ್ಮ ಹೃದಯಗಳನ್ನು ಅಸೂಯೆಯಿಂದಲೂ ನಾಲಿಗೆಗಳನ್ನು ಸುಳ್ಳಿನಿಂದಲೂ ಶುದ್ಧೀಕರಿಸಲಿ. ಆಮೀನ್.