ನಾಲ್ಕನೆಯ ಕಾಫಿಗೆ ಮುಂಚೆ

ಪುಟ್ಟೀ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ದೊಡ್ಡಮ್ಮ, ಒಬ್ಬ ಹುಡುಗನ ಜೊತೆ ಮೂರು ಸಲ ಕಾಫಿಗೆ ಹೋದರೆ ಅದು ಫ್ರೆಂಡ್‌ಶಿಪ್ಪಾ, ಡೇಟಿಂಗಾ?" ನಗುತ್ತಲೇ ಕೇಳಿದೆ. ಆದರೆ ಎರಡು ವಾರದಿಂದ ನೀನು ಸರಿಯಾಗಿ ನಿದ್ದೆ ಮಾಡಿಲ್ಲ ಅನ್ನುವುದು ನಿನ್ನ ದನಿಯಲ್ಲೇ ತಿಳಿಯಿತು. ಅಮ್ಮನನ್ನು ಬಿಟ್ಟು ನನ್ನನ್ನು ಕೇಳಿದೆಯಲ್ಲ, ಅವಸರದ ಉತ್ತರ ಕೊಡಬಾರದು ಅನ್ನಿಸಿತು. ನಿನ್ನ ಓರಗೆಯ ಬೇರೆ ಮಕ್ಕಳಿಗೂ ಬೇಕಾದೀತು ಅಂತ ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ತಪ್ಪನ್ನು ಹೇಳಬೇಕು. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಕೆಲವು ವರ್ಷ ಹುಡುಗಿಯರ ಹಾಸ್ಟೆಲ್‌ಗೆ ವಾರ್ಡನ್ ಆಗಿದ್ದೆ. ಒಬ್ಬಳು ಜಾಣ ಹುಡುಗಿ, ಬಿ.ಕಾಂ. ಎರಡನೇ ವರ್ಷ. ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗನ ಜೊತೆ ಕೂತಿರುವುದನ್ನು ಮೂರು ಸಲ ನೋಡಿದೆ. ಅವಳನ್ನು ಕರೆದು ಒಂದು ಮಾತು ಕೇಳಲಿಲ್ಲ. ನೇರವಾಗಿ ಊರಿಗೆ ಕಾಗದ ಬರೆದೆ. ವಾರದೊಳಗೆ ಅಪ್ಪ ಬಂದು ಟ್ರಂಕಿನ ಸಮೇತ ಕರೆದುಕೊಂಡು ಹೋದರು. ಆಮೇಲೆ ಗೊತ್ತಾಯಿತು, ಅವನು ಅವಳಿಗೆ ಅಕೌಂಟೆನ್ಸಿ ಹೇಳಿಕೊಡುತ್ತಿದ್ದ ಸಹಪಾಠಿ. ಅವಳ ಓದು ಅಲ್ಲಿಗೇ ನಿಂತಿತು. ನಾನು ಕೇಳಬೇಕಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಹೋದದ್ದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ನಮ್ಮ ಕಾಲದ ಹಿರಿಯರ ಹತ್ತಿರ ಎರಡೇ ಡಬ್ಬಿ ಇದ್ದವು. ಗಂಡು ಹೆಣ್ಣು ಮಾತಾಡಿದರೆ ಅಣ್ಣ ತಂಗಿ ಆಗಿರಬೇಕು, ಇಲ್ಲವೇ ಮದುವೆ ಆಗುವವರಾಗಿರಬೇಕು. ಹಾಗಾಗಿ ಸಂಕಟದಿಂದ ತಪ್ಪಿಸಿಕೊಳ್ಳಲು ನಮ್ಮ ಹುಡುಗಿಯರು ಸಿಕ್ಕವರಿಗೆಲ್ಲ ರಾಖಿ ಕಟ್ಟುತ್ತಿದ್ದರು. ಬರಿಯ ಗೆಳೆತನ ಹೇಗಿರುತ್ತದೆ ಅಂತ ನಾವೂ ಕಲಿಯಲಿಲ್ಲ, ನಿಮಗೂ ಕಲಿಸಲಿಲ್ಲ. ಈಗ ನೀವು ನಮ್ಮ ಮನೆಗಳಿಂದ ಹೊರಟು ಬೆಂಗಳೂರಿನ ಪಿ.ಜಿ.ಗಳಿಗೆ ಬಂದಿದ್ದೀರಿ. ಆಫೀಸಿನ ಕ್ಯಾಬಿನಲ್ಲಿ, ಸ್ಕಂದಗಿರಿ ಟ್ರೆಕ್ಕಿನಲ್ಲಿ, ರಂಗಶಂಕರದ ಮೆಟ್ಟಿಲ ಮೇಲೆ ಹೊಸಬರು ಸಿಗುತ್ತಾರೆ. ನಿನಗೆ ಅವನು ಸಿಕ್ಕಿದ್ದು ಕಬ್ಬನ್ ಪಾರ್ಕಿನಲ್ಲಿ, ಶನಿವಾರ ಶನಿವಾರ ಚಾಪೆ ಹಾಸಿಕೊಂಡು ಸುಮ್ಮನೆ ಪುಸ್ತಕ ಓದುವ ಆ ಕೂಟದಲ್ಲಿ. 2023ರಲ್ಲಿ ಶುರುವಾದ ಆ ಕೂಟದ ಬಗ್ಗೆ ಓದಿದಾಗ ನನಗೆ ಸಂತೋಷವಾಗಿತ್ತು. ಗುರುತಿಲ್ಲದವರು ಒಂದೇ ಮರದ ನೆರಳಿನಲ್ಲಿ ಗಂಟೆಗಟ್ಟಲೆ ನೆಮ್ಮದಿಯಾಗಿ ಕೂರಬಹುದು ಅಂದರೆ ಊರು ಒಳ್ಳೆಯದಾಗುತ್ತಿದೆ ಅಂತಲೇ ಅರ್ಥ. ಅಲ್ಲಿಂದ ಎದ್ದು ದರ್ಶಿನಿಗೆ ಹೋಗಿ ಬೈ ಟು ಕಾಫಿ ಕುಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಜನರನ್ನು ನೋಡಿ, ಮಾತಾಡಿ, ನಿಮ್ಮ ನಿಮ್ಮ ಊರಿನ ಕಥೆ ಹೇಳಿ. ಕಾಫಿ ಕುಡಿದ ಮಾತ್ರಕ್ಕೆ ಯಾರಿಗೂ ಮಾತು ಕೊಟ್ಟ ಹಾಗಾಗುವುದಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಕಾಫಿಯ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ನೂರು ಸಲ ಒಟ್ಟಿಗೆ ಊಟ ಮಾಡಿಯೂ ಗೆಳೆಯರಾಗಿಯೇ ಇರುವವರನ್ನು ನೋಡಿದ್ದೇನೆ. ನೀನು ಅವನಿಂದ ಏನನ್ನು ನಿರೀಕ್ಷಿಸುತ್ತಿದ್ದೀಯ, ಅವನು ನಿನ್ನಿಂದ ಏನನ್ನು ನಿರೀಕ್ಷಿಸುತ್ತಿದ್ದಾನೆ ಅನ್ನುವುದರಲ್ಲಿ ಗೆರೆ ಇದೆ. ನಮ್ಮ ಕನ್ನಡದಲ್ಲಿ ಗೆಳೆಯ, ಸ್ನೇಹಿತ, ನಲ್ಲ, ಇನಿಯ ಅಂತ ಒಂದೊಂದಕ್ಕೂ ಒಂದೊಂದು ಪದ ಇತ್ತು. ಈಗ ನಿಮ್ಮ ಬಾಯಲ್ಲಿ ಎಲ್ಲರೂ 'ಫ್ರೆಂಡ್'. ಅಪ್ಪ ಅಮ್ಮನ ಮುಂದೆ ಆ ಪದ ಅನುಕೂಲ, ಒಪ್ಪುತ್ತೇನೆ. ಆದರೆ ನಿಮ್ಮಿಬ್ಬರ ನಡುವೆಯೂ ಅದೇ ಪದ ಎರಡು ಅರ್ಥ ಇಟ್ಟುಕೊಂಡು ಓಡಾಡಿದರೆ, ಒಬ್ಬರು ಕಟ್ಟುತ್ತಿರುವ ಮನೆಯಲ್ಲಿ ಇನ್ನೊಬ್ಬರು ಎರಡು ದಿನದ ನೆಂಟರು ಅಷ್ಟೆ.

ನಿನ್ನ ಮನಸ್ಸು ಎಲ್ಲಿದೆ ಅಂತ ನಿನಗೇ ತಿಳಿಯದಿದ್ದರೆ, ಒಬ್ಬಳೇ ಇದ್ದಾಗ ಮೂರು ಪ್ರಶ್ನೆ ಕೇಳಿಕೋ. ನಾಳೆ ಅವನು ಬಂದು "ನನಗೆ ಮದುವೆ ಗೊತ್ತಾಯ್ತು" ಅಂದರೆ ಮೊದಲು ಬರುವುದು ಖುಷಿಯಾ, ಎದೆಯಲ್ಲಿ ಧಸಕ್ಕನೆ ನೋವಾ? ಅವನು ವಾಟ್ಸ್ಆ್ಯಪ್ ನೋಡಿ ಎರಡು ಗಂಟೆ ಉತ್ತರ ಕೊಡದಿದ್ದರೆ ಕೆಲಸ ಮಾಡಲು ಆಗುತ್ತದಾ? ಅವನ ಹೆಸರನ್ನು ರೂಮ್‌ಮೇಟ್ ಮುಂದೆ ಸಹಜವಾಗಿ ಹೇಳುತ್ತೀಯಾ, ಬಚ್ಚಿಡುತ್ತೀಯಾ? ಉತ್ತರ ನಿನಗೇ ಸಿಗುತ್ತದೆ. ಗೆಳೆತನವಾಗಿದ್ದರೆ ಇವು ಯಾವುವೂ ಕಾಡುವುದಿಲ್ಲ. ಕಾಡಿದರೆ ಗಾಬರಿ ಬೇಡ. ಒಲವು ಅಪರಾಧವಲ್ಲ ಕಂದಾ. ಹೇಳದೆ ಉಳಿಸಿಕೊಂಡ ನಿರೀಕ್ಷೆ ಮಾತ್ರ ಸಾಲದ ಹಾಗೆ ದಿನಾ ಬಡ್ಡಿ ಬೆಳೆಸುತ್ತದೆ. ಆರು ತಿಂಗಳು ಕಳೆದ ಮೇಲೆ "ನಿನಗೋಸ್ಕರ ನಾನು ಇಷ್ಟೆಲ್ಲ ಮಾಡಿದೆ" ಅನ್ನುವ ಮಾತು ಬರುತ್ತದೆ. ಎದುರಿನವರು ಅದನ್ನು ಕೇಳಿಯೇ ಇರಲಿಲ್ಲವಲ್ಲ!

ಆದ್ದರಿಂದ ಮನಸ್ಸಿನಲ್ಲಿರುವುದನ್ನು ಸಣ್ಣದಿರುವಾಗಲೇ ಹೇಳು. ಹುಡುಗನೇ ಮೊದಲು ಹೇಳಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ಹೇಳಲು ಮಂಡಿಯೂರುವುದು, ಗುಲಾಬಿ, ಗೆಳೆಯರ ಗುಂಪು, ಮೊಬೈಲಿನಲ್ಲಿ ವಿಡಿಯೋ ಇವು ಯಾವುವೂ ಬೇಡ. ಹತ್ತು ಜನರ ಮುಂದೆ ಕೇಳಿದರೆ ಆ ಜೀವ 'ಇಲ್ಲ' ಅನ್ನುವುದು ಹೇಗೆ? ನಂದಿಬೆಟ್ಟದ ದಾರಿಯಲ್ಲಿ ಅವನ ಬೈಕಿನ ಹಿಂದೆ ಕೂತಾಗಲೂ ಬೇಡ. ಕೇಳಿಸಿಕೊಂಡವರು ಬೇಕೆನಿಸಿದರೆ ಎದ್ದು ತಮ್ಮ ಪಾಡಿಗೆ ತಾವು ಬಸ್ಸೋ ಮೆಟ್ರೋ ಹಿಡಿದು ಹೋಗುವಂಥ ಜಾಗದಲ್ಲಿ ಹೇಳಬೇಕು. ಮಾತು ಇಷ್ಟೇ ಸಾಕು: "ನನಗೆ ನೀನು ಬರೀ ಫ್ರೆಂಡ್ ಅನ್ನಿಸ್ತಿಲ್ಲ, ಅದಕ್ಕಿಂತ ಜಾಸ್ತಿ ಅನ್ನಿಸ್ತಿದೆ. ನಿನಗೂ ಹಾಗೆ ಅನ್ನಿಸಬೇಕು ಅಂತೇನಿಲ್ಲ. ಯೋಚನೆ ಮಾಡಿ ಹೇಳು."

ಈಗ 'ಇಲ್ಲ' ಅನ್ನುವ ಮಾತಿಗೆ ಬರುತ್ತೇನೆ. ನಮ್ಮ ಜನರಿಗೆ ಮುಖದ ಮೇಲೆ ಇಲ್ಲ ಅಂದು ಗೊತ್ತಿಲ್ಲ. "ನೋಡೋಣ" ಅನ್ನುತ್ತೇವೆ, "ಈಗಲೇ ಬೇಡ" ಅನ್ನುತ್ತೇವೆ, "ಮನೇಲಿ ಒಪ್ಪಲ್ಲ" ಅನ್ನುತ್ತೇವೆ. ಸಂತೆಯಲ್ಲಿ ಸೀರೆ ಬೇಡವಾದರೂ "ಆಮೇಲೆ ಬರ್ತೀವಿ" ಅಂದು ಬರುವವರು ನಾವು. ಸೀರೆಯವನು ಅರ್ಥ ಮಾಡಿಕೊಳ್ಳುತ್ತಾನೆ. ಆದರೆ ಒಲಿದ ಮನಸ್ಸು 'ನೋಡೋಣ'ವನ್ನು ಕಿವಿಯೊಳಗೆ ಇಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತದೆ. ಹಾಗೆ ಕಾಯಿಸುವುದು ದಯೆಯಲ್ಲ. ನಿನಗೆ ಇಷ್ಟವಿಲ್ಲದಿದ್ದರೆ "ನನಗೆ ಆ ಭಾವನೆ ಇಲ್ಲ, ಮುಂದೆ ಬರುತ್ತದೆ ಅಂತಲೂ ಕಾಯಬೇಡ" ಅಂತ ಮೆತ್ತಗೆ, ಆದರೆ ಪೂರ್ತಿಯಾಗಿ ಹೇಳು. ಅಣ್ಣ ಅಂತ ಕರೆದು ಅದರ ಹಿಂದೆ ಅವಿತುಕೊಳ್ಳಬೇಡ. ಮತ್ತೆ, ಬೇಸರವಾದಾಗಲೆಲ್ಲ ಅವನನ್ನೇ ಕರೆದು ಹೆಗಲು ಕೇಳಿ, ಸಮಾಧಾನವಾದ ಮೇಲೆ "ನಾವು ಜಸ್ಟ್ ಫ್ರೆಂಡ್ಸ್" ಅನ್ನಬೇಡ. ಆಸೆ ಇಟ್ಟುಕೊಂಡವನ ಹತ್ತಿರ ಅಷ್ಟು ಸಲಿಗೆ ತೆಗೆದುಕೊಳ್ಳುವುದು ನ್ಯಾಯವಲ್ಲ.

ಇದನ್ನು ಓದುತ್ತಿರುವ ಗಂಡುಮಕ್ಕಳಿಗೂ ಒಂದು ಮಾತು. ಬೇಡ ಅಂದವಳ ಹಿಂದೆ ಬಿದ್ದು ಕೊನೆಗೆ ಒಲಿಸಿಕೊಳ್ಳುವ ಕಥೆಗಳನ್ನು ನಮ್ಮ ಸಿನಿಮಾಗಳು ಬೇಕಾದಷ್ಟು ತೋರಿಸಿವೆ. ತೆರೆಯ ಮೇಲೆ ಅದು ಪ್ರೀತಿ, ಬೀದಿಯಲ್ಲಿ ಅದು ಆ ಹುಡುಗಿಯ ಪಾಲಿನ ಭಯ. ಸ್ಪಷ್ಟವಾಗಿ ಬೇಡ ಅಂದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು 2013ರಿಂದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಆದರೆ ಕಾನೂನಿಗೆ ಹೆದರಿ ಮಾತ್ರ ನಿಲ್ಲಬೇಡಿ. ಇಲ್ಲ ಅಂದವಳು ನಿಮ್ಮನ್ನು ಕೀಳು ಮಾಡಲಿಲ್ಲ, ತನ್ನ ಮನಸ್ಸಿನಲ್ಲಿ ಇದ್ದುದನ್ನು ನಿಮಗೆ ಹೇಳುವಷ್ಟು ನಂಬಿಕೆ ಇಟ್ಟಳು. ಆ ನಂಬಿಕೆಗೆ ತಲೆಬಾಗಿ. ಕೆಲವು ದಿನ ದೂರವಿರಿ, ಅಳು ಬಂದರೆ ಅಳಿ, ಗೆಳೆಯರ ಹತ್ತಿರ ಹೇಳಿಕೊಳ್ಳಿ. ನೋವು ಆರುತ್ತದೆ.

ಆ್ಯಪ್‌ನಲ್ಲಿ ಪರಿಚಯವಾದವರ ವಿಷಯ ಬೇರೆ. ಕಬ್ಬನ್ ಪಾರ್ಕಿನಲ್ಲಿ ಸಿಕ್ಕವನ ನಡೆ ನುಡಿಯನ್ನು ನಾಲ್ಕು ಜನ ನೋಡಿರುತ್ತಾರೆ. ಮೊಬೈಲಿನಲ್ಲಿ ಸಿಕ್ಕವನು ತಾನೇ ಬರೆದುಕೊಂಡ ನಾಲ್ಕು ಸಾಲು ಅಷ್ಟೆ. ಅಲ್ಲಿ ಯಾಕೆ ಬಂದಿದ್ದೀರಿ, ಮದುವೆಯ ಯೋಚನೆಯಾ, ಬರೀ ಪರಿಚಯವಾ ಅಂತ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಮೊದಲ ಭೇಟಿ ಹಗಲು ಹೊತ್ತಿನಲ್ಲಿ, ಜನ ಇರುವ ಕಡೆ ಇರಲಿ. ಯಾವ ಹೋಟೆಲ್ ಅನ್ನುವುದನ್ನು ನೀನೂ ಆರಿಸು. ಇಂಥದೇ ಜಾಗಕ್ಕೆ ಬರಬೇಕು ಅಂತ ಹಠ ಹಿಡಿದರೆ ಹೋಗಬೇಡ. ರೂಮ್‌ಮೇಟ್‌ಗೆ ಹೇಳಿ ಹೋಗು, ಲೈವ್ ಲೊಕೇಶನ್ ಕಳಿಸು, ನಿನ್ನ ಬಿಲ್ಲು ನೀನು ಕೊಡು, ವಾಪಸು ಬರುವ ದಾರಿ ನಿನ್ನದೇ ಇರಲಿ. ಭೇಟಿಗೆ ಮುಂಚೆಯೇ ಕಷ್ಟ ಹೇಳಿಕೊಂಡು ದುಡ್ಡು ಕೇಳಿದರೆ, ಬೇಡದ ಫೋಟೋ ಕೇಳಿದರೆ, ಅಲ್ಲಿಗೇ ಮುಗಿಸು. ಅಪಾಯ ಅನ್ನಿಸಿದರೆ 112, ಹಣದ ಮೋಸ ಆದರೆ ತಡಮಾಡದೆ 1930. ಮೋಸ ಹೋದೆ ಅಂತ ನಾಚಿ ಬಚ್ಚಿಡಬೇಡ. ನನಗೆ ಫೋನ್ ಮಾಡು. ನಡುರಾತ್ರಿಯಾದರೂ ಸರಿ, ಮೊದಲು ನೀನು ಮನೆ ಸೇರುವುದನ್ನು ನೋಡುತ್ತೇನೆ, ಪ್ರಶ್ನೆ ಆಮೇಲೆ.

ಗೆಳೆತನವೇ ನಿಧಾನವಾಗಿ ಮಾಗಿ ಒಲವಾಗುವುದೂ ಉಂಟು. ನೀನು ತೇಜಸ್ವಿಯವರ ಪುಸ್ತಕಗಳನ್ನು ಓದಿದ್ದೀಯ, ಅವರ ಹೆಂಡತಿ ರಾಜೇಶ್ವರಿಯವರು ಬರೆದ 'ನನ್ನ ತೇಜಸ್ವಿ'ಯನ್ನೂ ಓದು. ಮೈಸೂರಿನಲ್ಲಿ ಓದುವಾಗ ಆದ ಪರಿಚಯ ಅದು. ತೇಜಸ್ವಿಯವರು ಮೂಡಿಗೆರೆ ಕಡೆಗೆ ತೋಟ ಮಾಡಲು ಹೋದ ಮೇಲೂ ಕಾಗದಗಳಲ್ಲಿ ಬೆಳೆಯಿತು. 1966ರಲ್ಲಿ ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮದುವೆಯಾದರು. ನನಗೆ ಅದರಲ್ಲಿ ಇಷ್ಟವಾಗುವುದು ಒಬ್ಬರನ್ನೊಬ್ಬರು ತಿಳಿಯಲು ಅವರು ಕೊಟ್ಟುಕೊಂಡ ಸಮಯ. ಆದರೆ ನಿಧಾನ ಬೇರೆ, ಅಸ್ಪಷ್ಟತೆ ಬೇರೆ. ನಿಧಾನದಲ್ಲಿ ಇಬ್ಬರಿಗೂ ತಾವು ಎಲ್ಲಿದ್ದೇವೆ ಅಂತ ಗೊತ್ತಿರುತ್ತದೆ. ಈಗ ನೀವು ಸಿಚುಯೇಶನ್‌ಶಿಪ್ ಅನ್ನುತ್ತೀರಲ್ಲ, ಅದರಲ್ಲಿ ಒಬ್ಬರಿಗೆ ಗೊತ್ತಿರುತ್ತದೆ, ಇನ್ನೊಬ್ಬರು ಕಾಯುತ್ತಿರುತ್ತಾರೆ.

ನಿನ್ನ ಅಮ್ಮನಿಗೂ ಹೇಳುತ್ತೇನೆ, ಓದುವ ಎಲ್ಲ ತಾಯಿ ತಂದೆಯರಿಗೂ ಹೇಳುತ್ತೇನೆ. ಮಗಳ ಫೋನಿನಲ್ಲಿ ಹುಡುಗನ ಹೆಸರು, ಮಗನ ಫೋನಿನಲ್ಲಿ ಹುಡುಗಿಯ ಹೆಸರು ಕಂಡ ತಕ್ಷಣ ತೀರ್ಪು ಕೊಡಬೇಡಿ. "ಯಾರಪ್ಪ ಅದು, ಒಂದ್ಸಲ ಮನೆಗೆ ಕರಕೊಂಡು ಬಾ, ಊಟ ಮಾಡೋಣ" ಅನ್ನಿ. ಮನೆಯಲ್ಲಿ ಹೇಳಲು ಜಾಗವಿದ್ದರೆ ಮಕ್ಕಳು ಹೊರಗೆ ಬಚ್ಚಿಟ್ಟುಕೊಳ್ಳುವುದಿಲ್ಲ. ನಾನು ಆ ಹುಡುಗಿಯನ್ನು ಕರೆದು ಕೇಳಿದ್ದರೆ ಅವಳು ಡಿಗ್ರಿ ಮುಗಿಸುತ್ತಿದ್ದಳು.

ಇನ್ನು ನಿನ್ನ ಪ್ರಶ್ನೆ. ಮೂರು ಕಾಫಿ ಆಗಿದೆ, ಅವನು ಒಳ್ಳೆಯವನು ಅನ್ನುತ್ತೀಯ, ಅವನ ಮನಸ್ಸಿನಲ್ಲಿ ಏನಿದೆ ಗೊತ್ತಿಲ್ಲ ಅನ್ನುತ್ತೀಯ. ಅದನ್ನು ಮೈಸೂರಿನಲ್ಲಿ ಕೂತ ನಾನು ಹೇಳಲಾರೆ, ನಿನ್ನ ರೂಮ್‌ಮೇಟ್ ಅವನ ಮೆಸೇಜುಗಳನ್ನು ಓದಿ ಹೇಳಲಾರಳು. ಹೇಳಬಲ್ಲವನು ಅವನೊಬ್ಬನೇ. ಶನಿವಾರ ಓದು ಮುಗಿಸಿ ಎದ್ದಾಗ, ನಾಲ್ಕನೆಯ ಕಾಫಿಗೆ ಮುಂಚೆ, ಅವನನ್ನೇ ಕೇಳು. ಉತ್ತರ ಯಾವುದೇ ಬಂದರೂ ಸಂಜೆ ನನಗೊಂದು ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ