ಅಂಗಳದ ಲೈಟಿಗೆ 31,000 ರೂಪಾಯಿ

ಕಾರ್ಕಳದ ಹತ್ತಿರದ ನಿಟ್ಟೆಯ ನಮ್ಮ ಮನೆಯ ಲೈಟುಗಳನ್ನು ಮೊಬೈಲಿನಿಂದ ಹಾಕಿ ಆರಿಸುವ ಹಾಗೆ ಮಾಡಿಸಲು 31,000 ರೂಪಾಯಿ ಖರ್ಚಾಯಿತು. ಸ್ವಿಚ್‌ಬೋರ್ಡಿನ ಹಿಂದೆ ಕೂರಿಸುವ ವೈಫೈ ಮಾಡ್ಯೂಲು 12, ಒಂದಕ್ಕೆ 1,600ರಂತೆ 19,200. ನ್ಯೂಟ್ರಲ್ ಎಳೆಯಲು ವೈರು, ಪೈಪು, ಕೂಲಿ ಸೇರಿ 6,500. ಮೆಶ್ ರೂಟರಿಗೆ 5,300. ಇದರ ಮೇಲೆ ತಿಂಗಳು ತಿಂಗಳೂ ಇಂಟರ್ನೆಟ್ಟಿಗೆ ಜಿಎಸ್‌ಟಿ ಸೇರಿ 590. ದೀಪಾವಳಿ ರಿಯಾಯಿತಿಯ ಜಾಹೀರಾತು ಶುರುವಾದ ಕೂಡಲೇ ಪರಿಚಯದವರು ಕೇಳುವ ಪ್ರಶ್ನೆ ಒಂದೇ: "ಸ್ಮಾರ್ಟ್ ಲೈಟ್ ಹಾಕಿಸಿದರೆ ಕರೆಂಟ್ ಬಿಲ್ ಉಳಿಯುತ್ತದಂತೆ, ಹೌದಾ?" ಈ ಸಲ ಅದಕ್ಕೆ ಪೂರ್ತಿ ಲೆಕ್ಕದೊಂದಿಗೇ ಉತ್ತರ ಕೊಡುತ್ತೇನೆ.

ಹಾಕಿಸಲು ಕಾರಣ ಇತ್ತು, ಆ ಕಾರಣ ಇವತ್ತಿಗೂ ಸರಿಯೇ. ಅಮ್ಮ ಮನೆಯಲ್ಲಿ ಒಬ್ಬರೇ. ತಮ್ಮ ದುಬೈಯಲ್ಲಿ, ನಾನು ಮಣಿಪಾಲದಲ್ಲಿ. ಚಾವಡಿಯಿಂದ ಅಂಗಳ ದಾಟಿ ದನದ ಹಟ್ಟಿಗೆ ಹೋಗಬೇಕು, ಹಟ್ಟಿಯ ಬಲ್ಬಿನ ಸ್ವಿಚ್ಚು ಹಟ್ಟಿಯ ಒಳಗೇ ಇದೆ. ಮಳೆಗಾಲದ ಸಂಜೆ ಕತ್ತಲೆಯಲ್ಲಿ ಅಂಗಳದ ಪಾಚಿಯ ಮೇಲೆ ಅವರು ಹೆಜ್ಜೆ ಇಡುವುದನ್ನು ನೆನೆದರೆ ನಮ್ಮಿಬ್ಬರಿಗೂ ಭಯ. ದೂರದಿಂದಲೇ ಲೈಟು ಹಾಕುವ ಹಾಗಾದರೆ ಸಾಕು ಎಂದು ತಮ್ಮ ಹೇಳಿದ, ನಾನು ಒಪ್ಪಿದೆ. ಅಂಗಳಕ್ಕೂ ಹಟ್ಟಿಗೂ ಮಾತ್ರ ಬೇಕಾಗಿದ್ದದ್ದು ಮಾರುವವರ ಮಾತಿನಲ್ಲಿ ಇಡೀ ಮನೆಗೆ ಹಬ್ಬಿತು. "ಹೇಗೂ ಹಾಕಿಸುತ್ತೀರಿ, ಪೂರ್ತಿ ಮಾಡಿಸಿಬಿಡಿ, ಬಿಲ್ಲಿನಲ್ಲಿ ದುಡ್ಡು ವಾಪಸ್ ಬರುತ್ತದೆ" ಅಂದರು.

ದುಡ್ಡು ವಾಪಸ್ ಬರುವ ಮಾತನ್ನೇ ಮೊದಲು ನೋಡೋಣ. ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 10 ಇವೆ ಅಂತ ಇಟ್ಟುಕೊಳ್ಳಿ. ಮನೆಮಂದಿಗೆ ಆರಿಸಲು ಮರೆಯುವ ಚಾಳಿ ಇದೆ, ಹತ್ತೂ ಬಲ್ಬು ದಿನಕ್ಕೆ ಎರಡು ಗಂಟೆ ಸುಮ್ಮನೆ ಉರಿಯುತ್ತವೆ ಅಂತಲೂ ಇಟ್ಟುಕೊಳ್ಳಿ. ಇದು ಮಾರುವವರ ಪರವಾಗಿಯೇ ಹಾಕುತ್ತಿರುವ ಲೆಕ್ಕ, ಯಾಕೆಂದರೆ ಹತ್ತನ್ನೂ ಮರೆಯುವ ಮನೆ ಅಪರೂಪ. 10 ಬಲ್ಬು, 9 ವ್ಯಾಟು, 2 ಗಂಟೆ: ದಿನಕ್ಕೆ 180 ವ್ಯಾಟ್-ಅವರ್. ವರ್ಷಕ್ಕೆ 65.7 ಯೂನಿಟ್. ಗೃಹಬಳಕೆಯ ದರಕ್ಕೆ ತೆರಿಗೆ, ಸರ್ಚಾರ್ಜು ಸೇರಿಸಿ ಯೂನಿಟ್ಟಿಗೆ ಧಾರಾಳವಾಗಿ 7 ರೂಪಾಯಿ ಹಿಡಿದರೂ ವರ್ಷಕ್ಕೆ ಉಳಿಯುವುದು 460 ರೂಪಾಯಿ. 31,000 ವಾಪಸ್ ಬರಲು 67 ವರ್ಷ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಮಾಡ್ಯೂಲು ಕೂಡ ಕರೆಂಟು ತಿನ್ನುತ್ತದೆ. ಲೈಟು ಆರಿದ್ದರೂ ಅದು ವೈಫೈಗೆ ಕಿವಿಗೊಟ್ಟು ಎಚ್ಚರವಾಗಿರಬೇಕು, ಇಲ್ಲದಿದ್ದರೆ ಫೋನಿನ ಆಜ್ಞೆ ಅದಕ್ಕೆ ಮುಟ್ಟುವುದಿಲ್ಲ. ಅದಕ್ಕಾಗಿ ಒಂದೊಂದೂ ಅರ್ಧದಿಂದ ಒಂದು ವ್ಯಾಟ್ ಎಳೆಯುತ್ತದೆ. ನಡುವಿನ ಅಂಕಿ ಮುಕ್ಕಾಲು ವ್ಯಾಟ್ ಹಿಡಿಯಿರಿ. 12 ಮಾಡ್ಯೂಲಿಗೆ 9 ವ್ಯಾಟ್ ಆಯಿತು. ಅಂದರೆ ಒಂದು ಎಲ್‌ಇಡಿ ಬಲ್ಬನ್ನು ಹಗಲು ರಾತ್ರಿ, ವರ್ಷದ 365 ದಿನವೂ ಆರಿಸದೆ ಬಿಟ್ಟಷ್ಟು. ದಿನಕ್ಕೆ 216 ವ್ಯಾಟ್-ಅವರ್, ವರ್ಷಕ್ಕೆ 78.8 ಯೂನಿಟ್, 552 ರೂಪಾಯಿ. ಉಳಿತಾಯ 460, ಅದನ್ನು ಉಳಿಸುವ ಯಂತ್ರದ ಊಟ 552. ರೂಟರಿನ ಕರೆಂಟು ಇನ್ನೂ ಇದಕ್ಕೆ ಸೇರಿಲ್ಲ. ತಿಂಗಳಿಗೆ 590ರ ಇಂಟರ್ನೆಟ್ಟು ವರ್ಷಕ್ಕೆ 7,080 ಆಗುತ್ತದೆ, ಅದೂ ಸೇರಿಲ್ಲ. ಅಮ್ಮನ ಮನೆಗೆ ಇಂಟರ್ನೆಟ್ ತೆಗೆಸಿದ್ದೇ ಈ ಲೈಟುಗಳಿಗಾಗಿ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯವರಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಹೊಡೆಯುತ್ತದೆ. 2022-23ರ ತಿಂಗಳ ಸರಾಸರಿ ಬಳಕೆ 48 ಯೂನಿಟ್ ದಾಟಿದ್ದರೆ ಅದರ ಮೇಲೆ ಶೇಕಡಾ 10 ಸೇರಿಸಿ, ಅದಕ್ಕಿಂತ ಕಡಿಮೆ ಇದ್ದರೆ 10 ಯೂನಿಟ್ ಸೇರಿಸಿ ನಿಮ್ಮ ಅರ್ಹತೆಯ ಯೂನಿಟ್ ಗೊತ್ತುಮಾಡಿದ್ದಾರೆ. ಅದರೊಳಗಿದ್ದರೆ ಬಿಲ್ಲು ಸೊನ್ನೆ. ದಾಟಿದರೆ ಹೆಚ್ಚುವರಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 62 ಯೂನಿಟ್ ಇದ್ದ ಮನೆಗೆ ಅರ್ಹತೆ 68. ಆ ಮನೆಯವರು ತಿಂಗಳಿಗೆ ಐದು ಯೂನಿಟ್ ಉಳಿಸಿದರೂ ಕೈಗೆ ಒಂದು ಪೈಸೆ ಬರುವುದಿಲ್ಲ, ಬಿಲ್ಲು ಮೊದಲೇ ಸೊನ್ನೆ. ಆದರೆ ಮಾಡ್ಯೂಲುಗಳ ಆರೂವರೆ ಯೂನಿಟ್, 10 ವ್ಯಾಟಿನ ರೂಟರಿನ ಏಳು ಯೂನಿಟ್ ಸೇರಿದರೆ ಬಳಕೆ 76ರ ಹತ್ತಿರ ಹೋಗುತ್ತದೆ. ಬಿಲ್ಲೇ ಕಟ್ಟದಿದ್ದ ಮನೆ ಬಿಲ್ಲು ಕಟ್ಟಲು ಶುರುಮಾಡುತ್ತದೆ. ಲೈಟು ಮರೆಯುವ ಅಭ್ಯಾಸ ಇಲ್ಲದ ನನ್ನ ಅಮ್ಮನಂಥವರ ಮನೆಯಲ್ಲಿ ಆಗುವುದು ಇದೇ. ಸ್ಮಾರ್ಟ್ ಲೈಟು ಮಾರುವ ಯಾರ ಬಾಯಲ್ಲೂ ಈ ವಿಷಯ ನಾನು ಕೇಳಿಲ್ಲ. ಕರ್ನಾಟಕದ ಲಕ್ಷಾಂತರ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿರುವಾಗ "ಬಿಲ್ ಉಳಿತಾಯ" ಎಂದು ಹೇಳಿ ಮಾರುವುದು ಸರಿಯಲ್ಲ.

ಇನ್ನು ಜೋಡಣೆಯ ಖರ್ಚು. ನಮ್ಮದು ಮುರಕಲ್ಲಿನ ಗೋಡೆಯ ಹಳೆ ಮನೆ. ಎಲೆಕ್ಟ್ರಿಷಿಯನ್ ಹಟ್ಟಿಯ ಬೋರ್ಡು ಬಿಚ್ಚಿದವರೇ "ಅಕ್ಕಾ, ಇದರಲ್ಲಿ ನ್ಯೂಟ್ರಲ್ ಇಲ್ಲ" ಅಂದರು. ಪ್ಲಗ್ ಪಾಯಿಂಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದಿರುತ್ತದೆ; ಬರೀ ಸ್ವಿಚ್ಚು ಇರುವ ಬೋರ್ಡಿಗೆ ಫೇಸು, ಲೈಟಿಗೆ ಹೋಗುವ ವೈರು, ಇಷ್ಟೇ. ಮಾಡ್ಯೂಲು ಸದಾ ಎಚ್ಚರವಾಗಿರಲು ನ್ಯೂಟ್ರಲ್ ಬೇಕು. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತದೆ, ಅದು ಬಲ್ಬಿನ ಮೂಲಕವೇ ಚೂರು ಕರೆಂಟು ಹರಿಸಿಕೊಳ್ಳುತ್ತದೆ. ಕಡಿಮೆ ವ್ಯಾಟಿನ ಎಲ್‌ಇಡಿ ಆದರೆ ಆರಿಸಿದ ಮೇಲೂ ಮಿಣಮಿಣ ಅನ್ನುತ್ತದೆ, ಹೋಲ್ಡರಿಗೆ ಕೆಪಾಸಿಟರ್ ಹಾಕಬೇಕಾಗುತ್ತದೆ. ಹಾಗಾಗಿ ಗೋಡೆಯ ಮೇಲೆ ಪಟ್ಟಿ ಹೊಡೆದು ವೈರು ಎಳೆದದ್ದಾಯಿತು. ಹಳೆ ಬೋರ್ಡಿನ ಪೆಟ್ಟಿಗೆ ಆಳ ಇಲ್ಲ. ಒಳಗೆ ಹಲ್ಲಿಯ ಮೊಟ್ಟೆಯ ಚಿಪ್ಪು, ಇರುವೆಯ ಮಣ್ಣು. ಅದನ್ನೆಲ್ಲ ಬ್ರಶ್ಶಿನಿಂದ ತೆಗೆದು ಮಾಡ್ಯೂಲು ತುರುಕಿದರೆ ಮುಚ್ಚಳದ ಸ್ಕ್ರೂ ಕೂರುವುದಿಲ್ಲ. ಕೊನೆಗೆ ಹೊಸ ಪೆಟ್ಟಿಗೆಗಳೇ ಬಂದವು. ಮುರಕಲ್ಲಿನ ದಪ್ಪ ಗೋಡೆ ದಾಟಿ ಹಟ್ಟಿಯವರೆಗೆ ವೈಫೈ ಹೋಗದ ಕಾರಣ ಮೆಶ್ ರೂಟರ್ ಬಂತು.

ಜೋಡಿಸಿದ ಮೇಲಿನ ಸಮಸ್ಯೆಗಳಿಗೆ ಪರಿಹಾರ ಇದೆ, ಈಗಾಗಲೇ ಹಾಕಿಸಿಕೊಂಡವರು ಇಷ್ಟು ಮಾಡಿಕೊಳ್ಳಿ. ಮಾಡ್ಯೂಲು ಆ್ಯಪಿಗೆ ಸೇರುತ್ತಲೇ ಇಲ್ಲ ಅಂದರೆ ಬಹುಮಟ್ಟಿಗೆ ರೂಟರಿನದೇ ತೊಂದರೆ. ಈ ಸಾಮಾನುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸನ್ನು ಸ್ವಲ್ಪ ಹೊತ್ತು ಬಂದ್ ಮಾಡಿ, ಇಲ್ಲವೇ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ವೈಫೈ ಪಾಸ್‌ವರ್ಡ್ ಬದಲಿಸಬೇಡಿ, ಬದಲಿಸಿದರೆ ಎಲ್ಲ ಮಾಡ್ಯೂಲನ್ನೂ ಒಂದೊಂದಾಗಿ ಮತ್ತೆ ಸೇರಿಸಬೇಕಾಗುತ್ತದೆ. ರಾತ್ರಿ ಹೋದ ಕರೆಂಟು ಎರಡು ಗಂಟೆಗೆ ಬಂದಾಗ ಮನೆಯ ಲೈಟೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತಿದ್ದರೆ ಆ್ಯಪಿನಲ್ಲಿ "ಪವರ್ ಆನ್ ಸ್ಟೇಟ್" ಅಂತ ಇರುತ್ತದೆ, ಅದನ್ನು "ಆಫ್" ಮಾಡಿ. ಸ್ಮಾರ್ಟ್ ಬಲ್ಬು ತಂದವರಿಗೆ ಇನ್ನೊಂದು ತೊಂದರೆ. ಸ್ವಿಚ್ಚನ್ನು ಬೇಗ ಬೇಗ ನಾಲ್ಕೈದು ಸಲ ಹಾಕಿ ಆರಿಸಿದರೆ ಬಲ್ಬು ಎಲ್ಲವನ್ನೂ ಮರೆತು ಹೊಸದಾಗಿ ಸೇರಿಸಿ ಎಂದು ಮಿನುಗುವ ಹಾಗೆ ತುಂಬ ಕಂಪನಿಗಳು ಮಾಡಿಟ್ಟಿವೆ. ಗಾಳಿಮಳೆಗೆ ಲೈನಿನ ಮೇಲೆ ಗೆಲ್ಲು ತಾಗಿ ಕರೆಂಟು ಹೋಗಿ ಬಂದು, ಹೋಗಿ ಬಂದು ಆಡುವಾಗ ಬಲ್ಬು ಅದನ್ನೂ ಹಾಗೆಯೇ ಓದುತ್ತದೆ. ನಮ್ಮ ಕಡೆಯ ಜೂನ್, ಜುಲೈಗೆ ಈ ಬಲ್ಬು ತಕ್ಕುದಲ್ಲ.

ಪೂರ್ತಿ ಪರಿಹಾರ ಇಲ್ಲದ ಎರಡು ವಿಷಯ ಇವೆ. ಒಂದು ಸಿಡಿಲು. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಂಚಿನ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಕಾರ್ಕಳದ ಕಡೆ ಗುಡುಗು ಮಿಂಚು ಜೋರು. ಅಂಥ ಒಂದು ಸಂಜೆ ಎದುರಿನ ತೋಟಕ್ಕೆ ಸಿಡಿಲು ಬಿತ್ತು, ನಮ್ಮ ನಾಲ್ಕು ಮಾಡ್ಯೂಲು ಸತ್ತವು. ರಾತ್ರಿ ಅಮ್ಮನ ಫೋನು: "ಎಂತ ಮಗಾ ಇದು, ಸ್ವಿಚ್ಚು ಒತ್ತಿದರೂ ಅಡಿಗೆಕೋಣೆಗೆ ಲೈಟಿಲ್ಲ." ಲೈಟಿಗೆ ಹೋಗುವ ವೈರು ಮಾಡ್ಯೂಲಿನ ಮೂಲಕವೇ ಹೋಗುತ್ತದೆ, ಅದು ಸತ್ತರೆ ಗೋಡೆಯ ಸ್ವಿಚ್ಚೂ ಸತ್ತ ಹಾಗೆ. 40 ರೂಪಾಯಿಯ ಸ್ವಿಚ್ಚು ಸಿಡಿಲಿಗೆ ಇಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ಕೆಟ್ಟರೂ 40 ರೂಪಾಯಿ. ಇಲ್ಲಿ 6,400 ಹೋಯಿತು. ಸಿಡಿಲಿಗೆ ವಾರಂಟಿ ಇಲ್ಲ ಎಂದರು, ವಾರಂಟಿ ಕಾಗದದ ಸಣ್ಣ ಅಕ್ಷರದಲ್ಲಿ ಅದು ಬರೆದೂ ಇತ್ತು.

ಇನ್ನೊಂದು, ಕಂಪನಿಯ ಆಯುಷ್ಯ. ಅಮ್ಮನ ಹಟ್ಟಿಯ ಬಲ್ಬು ಹತ್ತಲು ಫೋನಿನ ಆಜ್ಞೆ ಎಲ್ಲೋ ದೂರದ ಸರ್ವರಿಗೆ ಹೋಗಿ ವಾಪಸ್ ಬರಬೇಕು. ಆ ಸರ್ವರನ್ನು ಕಂಪನಿ ಮುಚ್ಚಿದರೆ? ಅಮೆರಿಕದಲ್ಲಿ ಇದು ನಡೆದಿದೆ. ಮನೆಯ ಸ್ಮಾರ್ಟ್ ಸಾಮಾನುಗಳನ್ನು ನಡೆಸುವ, ಸುಮಾರು 300 ಡಾಲರಿಗೆ ಮಾರಿದ್ದ ರಿವಾಲ್ವ್ ಹಬ್ಬುಗಳು 2016ರ ಮೇ ತಿಂಗಳಲ್ಲಿ ನಿಂತುಹೋದವು. ರಿವಾಲ್ವ್ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಕಂಪನಿ ಅದರ ಸೇವೆಯನ್ನೇ ನಿಲ್ಲಿಸಿತು. 2022ರ ಏಪ್ರಿಲಿನಲ್ಲಿ ಇಂಥದೇ ಸಾಮಾನು ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆ ಇಲ್ಲದೆ ಆಫ್ ಆದವು, ಗ್ರಾಹಕರೇ ಕೆಲವರು ಸೇರಿ ಕಂಪನಿ ಕೊಂಡು ಎಬ್ಬಿಸಬೇಕಾಯಿತು. ಬೇರೆ ಬೇರೆ ಕಂಪನಿಯ ಸಾಮಾನು ಮನೆಯೊಳಗೇ ಒಂದಕ್ಕೊಂದು ಮಾತಾಡಲಿ ಎಂದು 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಎಂಬ ಮಾನದಂಡ ಬಂದಿದೆ. ಒಳ್ಳೆಯದೇ. ಕೊಳ್ಳಲೇಬೇಕು ಅನ್ನುವವರು ಅದರ ಗುರುತು ನೋಡಿ ಕೊಳ್ಳಿ. ಆದರೆ ಕಮ್ಮಿ ದರದ ಆಮಿಷಕ್ಕೆ ನಾವು ಕೊಳ್ಳುವ ಹೆಸರಿಲ್ಲದ ಮಾಡ್ಯೂಲುಗಳ ಸರ್ವರು ಯಾವ ದೇಶದಲ್ಲಿದೆ, ಯಾರ ಕೈಯಲ್ಲಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಒಂದು ಸ್ವಿಚ್ಚು 20 ವರ್ಷ ಬಾಳಬೇಕು. 20 ವರ್ಷ ಬಾಳುತ್ತೇನೆಂದು ಹೇಳದ ಕಂಪನಿಯ ಕೈಗೆ ಮನೆಯ ಬೆಳಕು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಅಮ್ಮನ ಸುರಕ್ಷತೆ ಎಂಬ ಮೂಲ ಪ್ರಶ್ನೆಗೆ ಉತ್ತರ ಕೊಟ್ಟದ್ದು ಬೇರೆ ಸಾಮಾನು. ಅಂಗಳಕ್ಕೆ ಕತ್ತಲಾದೊಡನೆ ತಾನೇ ಹತ್ತಿ ಬೆಳಗಾದಾಗ ಆರುವ ಫೋಟೋಸೆಲ್ ಸ್ವಿಚ್ಚು. ಹಟ್ಟಿಯ ದಾರಿಗೆ ಆಳು ಕಂಡರೆ ಹತ್ತುವ ಮೋಷನ್ ಸೆನ್ಸರ್ ಬಲ್ಬು. ಮಂಚದ ಬದಿಗೆ ಟೂ-ವೇ ಸ್ವಿಚ್ಚು. ಮೊದಲ ಎರಡು ತಲಾ ಮುನ್ನೂರು ನಾನೂರು ರೂಪಾಯಿಯ ಸಾಮಾನು, ಮೂರನೆಯದರಲ್ಲಿ ವೈರು ಕೂಲಿಯೇ ಹೆಚ್ಚು. ಮೂರಕ್ಕೂ ಇಂಟರ್ನೆಟ್ಟು ಬೇಡ, ತಮ್ಮನ ಫೋನೂ ಬೇಡ. ಕಾಲೇಜಿನ ಹುಡುಗರಿಗೆ ಕೋಣೆ ಬಾಡಿಗೆ ಕೊಡುವ ನಿಟ್ಟೆಯ ಮನೆಯವರು ಮೆಟ್ಟಿಲಿಗೆ, ಕಾರಿಡಾರಿಗೆ ಇದನ್ನೇ ಹಾಕಿಸಬಹುದು.

ಬಿಲ್ಲು ಇಳಿಸಬೇಕು ಅನ್ನುವವರು ಲೈಟಿನ ಹಿಂದೆ ಬಿದ್ದರೆ ಪ್ರಯೋಜನವಿಲ್ಲ. 75 ವ್ಯಾಟಿನ ಹಳೆ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ, ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ಒಂದೇ ಫ್ಯಾನಿನಿಂದ ವರ್ಷಕ್ಕೆ 197 ಯೂನಿಟ್ ಉಳಿಯುತ್ತದೆ. ಮೇಲೆ ಹೇಳಿದ ಹತ್ತು ಬಲ್ಬಿನ ಮರೆವಿಗಿಂತ ಮೂರು ಪಟ್ಟು. ಆಮೇಲೆ ಕೋಣೆ ಬಿಡುವಾಗ ಸ್ವಿಚ್ಚು ಒತ್ತುವ ಅಭ್ಯಾಸ. ನಮ್ಮ ಹಿರಿಯರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎದ್ದು ಎರಡು ಹೆಜ್ಜೆ ನಡೆಯುವ ಕೆಲಸವನ್ನು ಮಕ್ಕಳಿಗೆ ಫೋನಿನಲ್ಲಿ ಮಾಡಲು ಕಲಿಸುತ್ತಿದ್ದೇವೆ, ಫೋನು ಕಡಿಮೆ ಮುಟ್ಟು ಎಂದೂ ಬೈಯುತ್ತಿದ್ದೇವೆ. ತಿಂಗಳಿಗೊಮ್ಮೆ ಮೀಟರ್ ಓದಿ ಕ್ಯಾಲೆಂಡರಿನಲ್ಲಿ ಬರೆದಿಡಲು ಮಕ್ಕಳಿಗೆ ಹೇಳಿ. ಎಲ್ಲಿ ಕರೆಂಟು ಸೋರುತ್ತಿದೆ ಎಂದು ಯಾವ ಆ್ಯಪಿಗಿಂತಲೂ ಬೇಗ ಅವರೇ ಹೇಳುತ್ತಾರೆ.

ಹಳೆ ಮನೆಯ ವೈರಿಂಗಿಗೆ ಹಣ ಇಟ್ಟಿದ್ದೀರಾದರೆ ಕ್ರಮ ಹೀಗಿರಲಿ: ಮೊದಲು ಅರ್ತಿಂಗ್, ಆಮೇಲೆ ಕರೆಂಟು ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ, ಆಮೇಲೆ ಸಿಡಿಲಿನ ಹೊಡೆತ ತಗ್ಗಿಸಲು ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್. ಅರ್ತಿಂಗ್ ಸರಿಯಿಲ್ಲದ ಮನೆಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಅದು ಹೆಸರಿಗೆ ಮಾತ್ರ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಹಿಡಿಯುವುದಿಲ್ಲ. ಬರುವ ಪತ್ತನಾಜೆಗೆ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳತೆ ಮಾಡಿಸಿ, ಅದರ ಗುಂಡಿಗೆ ನೀರು ಹೊಯ್ಯಿರಿ.