ತಂಗಿಯ ಜೊತೆ ರೈಲು ಪ್ರಯಾಣ

ದಸರಾ ರಜೆಯಲ್ಲಿ ಅವ್ವ, ನಾನು, ಒಂದೂವರೆ ವರ್ಷದ ತಂಗಿ ಶಿವಮೊಗ್ಗದ ಸೋದರಮಾವನ ಮನೆಗೆ ಹೊರಟೆವು. ಹುಣಸೂರಿನಿಂದ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಬಂದು ರೈಲು ಹತ್ತಿದೆವು. ಅರಸೀಕೆರೆ ಹತ್ತಿರ ತಂಗಿಗೆ ವಾಂತಿ-ಭೇದಿ ಶುರುವಾಯಿತು. "ನೀರು ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ" ಅಂತ ಪಕ್ಕದವರು ಅಂದರು. ಅವ್ವ ಹೆದರಿ ನೀರು ನಿಲ್ಲಿಸಿದಳು. ಇಳಿಯುವಷ್ಟರಲ್ಲಿ ಮಗುವಿನ ಕಣ್ಣು ಗುಳಿಬಿದ್ದಿತ್ತು. ಆಸ್ಪತ್ರೆಗೆ ಓಡಿದೆವು. ಭೇದಿಯಾದಾಗ ನೀರು ನಿಲ್ಲಿಸುವುದೇ ಅಪಾಯ ಎಂದು ಡಾಕ್ಟರು ತಿಳಿಸಿದರು.

ನೆನಪಿಡಿ:
1. ಓ.ಆರ್.ಎಸ್. ಪೊಟ್ಟಣ ಇಲ್ಲದಿದ್ದರೆ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ.
2. ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕುಡಿಸಿ.
3. ಎದೆಹಾಲು ನಿಲ್ಲಿಸಬೇಡಿ.
4. ಕಣ್ಣು ಗುಳಿಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಂಗಿ ಈಗ ಚೆನ್ನಾಗಿದ್ದಾಳೆ. ಊರಿಗೆ ಬರುವಾಗ ಅವ್ವನ ಚೀಲದಲ್ಲಿ ಎರಡು ಪೊಟ್ಟಣ ಇದ್ದವು.